ಸುರಪುರದಿಂದ ಲಂಡನ್ನಿಗೆ ಬಾತ್ಮಿ ಬರೆದ ಟೇಲರ್ ಸಾಹೇಬ

ನಂದೂರ: ಇಲ್ಲಿಂದ ಕಲಬುರಗಿಗೆ ಹೋಗಿ, ಜೇವರ್ಗಿ, ಶಹಾಪುರ ದಾಟಿ ಸುರಪುರದಲ್ಲಿ ಬಸ್ಸಿಳಿದರೆ ಟೇಲರ್ ಮಂಜಿಲ್ ಎಲ್ಲೆಂದು ಯಾರಾದರೂ ತೋರಿಸುತ್ತಾರೆ. ಅದನ್ನು ಕಟ್ಟಿಸಿದ ಫಿಲಿಪ್ ಮೆಡೋಸ್ ಟೇಲರ್ ದೊಡ್ಡ ಅಧಿಕಾರಿ ಎಂಬುದು ಮಂದಿಗೆ ಗೊತ್ತು. ಅವನು 13 ವರ್ಷ ಪೇಪರಿನ ಬಾತ್ಮೀದಾರನೂ ಆಗಿದ್ದ ಎಂಬುದು ಗೊತ್ತಿದ್ದವರು ಕಡಿಮೆ.

ಹುಟ್ಟಿದ್ದು 1808ರಲ್ಲಿ, ಇಂಗ್ಲೆಂಡಿನ ಲಿವರ್‌ಪೂಲಿನಲ್ಲಿ. ಮುಂಬಯಿಯ ವ್ಯಾಪಾರಿಯೊಬ್ಬನ ಬಳಿ ಕೆಲಸವಿದೆ ಎಂದು 15ರ ಹುಡುಗನನ್ನು ಹಡಗು ಹತ್ತಿಸಿದರು. 1824ರಲ್ಲಿ ಬಂದಿಳಿದು ನೋಡಿದರೆ ಆ ವ್ಯಾಪಾರವೇ ಮುಳುಗುವ ಹಂತದಲ್ಲಿತ್ತು. ಪರದೇಶ, ಕೈಯಲ್ಲಿ ಕಸಬಿಲ್ಲ. ಬಂಧುವೊಬ್ಬರ ವಶೀಲಿಯಿಂದ ನಿಜಾಮನ ಫೌಜಿನಲ್ಲಿ ನೌಕರಿ ಸಿಕ್ಕಿತು.

ಕಾಲೇಜಿನ ಮುಖ ಕಾಣದ ಹುಡುಗ ಓದು ಶುರು ಮಾಡಿದ್ದೇ ಇಲ್ಲಿ. ಹಿಂದೂಸ್ತಾನಿ, ಮರಾಠಿ ಕಲಿತ. ಜಮೀನಿನ ಮೋಜಣಿ, ಕಾಯಿದೆ ಎಲ್ಲ ತಾನೇ ಓದಿಕೊಂಡ. ಪೊಲೀಸ್ ಕೆಲಸದ ಮೇಲೆ ಊರೂರು ತಿರುಗಿದ. ದಾರಿಹೋಕರ ಸ್ನೇಹ ಮಾಡಿ, ಕುತ್ತಿಗೆಗೆ ರುಮಾಲು ಬಿಗಿದು ಕೊಲ್ಲುತ್ತಿದ್ದ ಠಗ್ಗರು ಮುಂದೆ ಸೆರೆ ಸಿಕ್ಕಾಗ, ಅವರ ಹೇಳಿಕೆಗಳನ್ನು ಕೂತು ಕೇಳಿದ. ಅದೇ ಸರಕಿನಿಂದ ಬರೆದ ಠಗ್ಗನ ಕಾದಂಬರಿ 1839ರಲ್ಲಿ ಲಂಡನ್ನಿನಲ್ಲಿ ಅಚ್ಚಾಗಿ ಹೆಸರು ತಂದಿತು. 1840ರಿಂದ 1853ರ ತನಕ ಲಂಡನ್ನಿನ ಟೈಮ್ಸ್ ಪತ್ರಿಕೆಗೆ ಅವನು ಈ ಸೀಮೆಯ ಬಾತ್ಮೀದಾರ.

ಆಗ ಇಲ್ಲಿ ರೈಲಿಲ್ಲ, ತಾರಿಲ್ಲ. ಬರೆದ ಕಾಗದ ಮುಂಬಯಿ ಮುಟ್ಟಿ, ಹಡಗು ಹತ್ತಿ, ಈಜಿಪ್ಟ್ ಹಾಯ್ದು ಲಂಡನ್ ಸೇರಲು ತಿಂಗಳಿಗೂ ಮೇಲೆ ಬೇಕಿತ್ತು.

ಅಷ್ಟರಲ್ಲಿ ಸುರಪುರದ ರಾಜ ತೀರಿಕೊಂಡು, ಬಾಲಕ ವೆಂಕಟಪ್ಪ ನಾಯಕನ ಪರವಾಗಿ ಸಂಸ್ಥಾನ ನೋಡಿಕೊಳ್ಳುವ ಹೊಣೆ ಟೇಲರನ ಮೇಲೆ ಬಿತ್ತು. ಹುಡುಗ ಅವನನ್ನು ಅಪ್ಪಾ ಎಂದೇ ಕರೆಯುತ್ತಿದ್ದ. ಹಗಲು ದರಬಾರು ನಡೆಸುವ ಕೈಯೇ ಪೇಪರಿಗೂ ಬರೆಯುತ್ತಿತ್ತು. ಆಳುವವನೇ ಸುದ್ದಿಗಾರನಾದರೆ ಆಳಿಸಿಕೊಂಡವರ ಮಾತು ಅಚ್ಚಾಗುವುದು ಹೇಗೆ? ಟೇಲರ್ ಮಂದಿಯ ಬಗ್ಗೆ ಕರುಣೆ ಇದ್ದವನೇ. ಆದರೂ ಸುರಪುರದ ರೈತನಿಗೆ ತನ್ನ ಅಹವಾಲು ಲಂಡನ್ನಿಗೆ ಮುಟ್ಟಿಸುವ ಬೇರೆ ದಾರಿ ಇರಲಿಲ್ಲ.

1853ರಲ್ಲಿ ರಾಜ್ಯ ರಾಜನ ಕೈಗೆ ಬಂತು, ಟೇಲರ್ ಸುರಪುರ ಬಿಟ್ಟ. 1858ರಲ್ಲಿ ಅದೇ ರಾಜ ಇಂಗ್ಲಿಷರ ಮೇಲೆ ಬಂಡೆದ್ದು ಸೆರೆಯಾದ. ಟೇಲರ್ ಸಿಕಂದರಾಬಾದಿನ ಸೆರೆಮನೆಗೇ ಹೋಗಿ ಕಂಡ. ಮರಣದಂಡನೆ ತಪ್ಪಿತು. ಆದರೆ ಬೇರೆ ಕೋಟೆಗೆ ಸಾಗಿಸುವಾಗ ದಾರಿಯಲ್ಲೇ ಗುಂಡು ತಗುಲಿ ರಾಜ ಸತ್ತ.

ಟೇಲರ್ 1876ರಲ್ಲಿ ಫ್ರಾನ್ಸಿನಲ್ಲಿ ತೀರಿಕೊಂಡ. ಮರುವರ್ಷ ಅವನ ಆತ್ಮಕಥೆ ಅಚ್ಚಾಯಿತು. ರಾಜನಿಗೆ ತನ್ನ ಕಥೆ ಬರೆಯುವ ಆಯುಷ್ಯ ಸಿಗಲಿಲ್ಲ. ಮಂಜಿಲ್ ನೋಡಲು ಹೋದವರು ಇಬ್ಬರನ್ನೂ ನೆನೆದು ಬರಲಿ.