ನಲ್ಲಿ ನೀರು ಮತ್ತು ಕಪ್ಪೆಯ ಹೃದಯ

ಡ್ರಿಪ್ ಹಾಕಿಸ್ಕೊಂಡವರು 'ಆರ್‌ಎಲ್' ಅಂತ ಬರೆದ ಬಾಟಲಿ ನೋಡಿರ್ತೀರಿ. ರಿಂಗರ್ ಲ್ಯಾಕ್ಟೇಟ್. ಲ್ಯಾಕ್ಟೇಟ್ ಸೇರಿಸಿದ್ದು ಆಮೇಲೆ ಬಂದ ಹಾರ್ಟ್‌ಮನ್. ಮೂಲ ದ್ರಾವಣ ಮಾತ್ರ ಸಿಡ್ನಿ ರಿಂಗರ್ ಅವರದ್ದು.

ಇಂಗ್ಲೆಂಡಿನ ನಾರ್ವಿಚ್‌ನಲ್ಲಿ ಹುಟ್ಟಿದ ರಿಂಗರ್, ಚಿಕ್ಕಂದಿನಲ್ಲೇ ತಂದೆಯನ್ನು ಕಳೆದುಕೊಂಡರು. 1854ರಲ್ಲಿ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿಗೆ ಓದಲು ಬಂದವರು ಅಲ್ಲೇ ಡಾಕ್ಟರ್, ಅಲ್ಲೇ ಪ್ರೊಫೆಸರ್. ರೋಗಿಗಳನ್ನು ನೋಡುವ ಕೆಲಸದ ನಡುವೆ ಬಿಡುವು ಮಾಡ್ಕೊಂಡು ಲ್ಯಾಬಿಗೆ ಓಡೋರು.

1882ರಲ್ಲಿ ಅವರು ಕಪ್ಪೆಯ ಹೃದಯವನ್ನು ಹೊರತೆಗೆದು ಉಪ್ಪುನೀರಲ್ಲಿ ಮಿಡಿಯುವಂತೆ ಮಾಡಿ, ಫಲಿತಾಂಶ ಪ್ರಕಟಿಸಿದರು. ಆಮೇಲೆ ಗೊತ್ತಾಯ್ತು, ದ್ರಾವಣ ಮಾಡಿದ್ದು ಬಟ್ಟಿ ಇಳಿಸಿದ ನೀರಲ್ಲಲ್ಲ, ನ್ಯೂ ರಿವರ್ ಕಂಪನಿಯ ನಲ್ಲಿ ನೀರಲ್ಲಿ! ಸಹಾಯಕ ಸುಲಭದ ದಾರಿ ಹಿಡಿದಿದ್ದ ಅನ್ನೋ ಕಥೆ ಇದೆ. ಶುದ್ಧ ನೀರಲ್ಲಿ ಮತ್ತೆ ಮಾಡಿದರೆ ಹೃದಯ ಸ್ವಲ್ಪ ಹೊತ್ತಿಗೇ ನಿಂತುಹೋಯ್ತು. ಹೆಸರಾಂತ ವೈದ್ಯ, ಪ್ರಕಟವಾದ ಲೇಖನ. ಸುಮ್ಮನಿದ್ದಿದ್ದರೆ ಯಾರು ಕೇಳ್ತಿದ್ರು? ರಿಂಗರ್ ಸುಮ್ಮನಿರಲಿಲ್ಲ. 1883ರಲ್ಲಿ ಹೊಸ ಲೇಖನ ಬರೆದು ಎಲ್ಲವನ್ನೂ ಹೇಳಿಬಿಟ್ಟರು. ಆ ನೀರಲ್ಲಿ ಹತ್ತು ಲಕ್ಷಕ್ಕೆ ಸುಮಾರು 38 ಭಾಗ ಕ್ಯಾಲ್ಸಿಯಂ ಇತ್ತು. ನಮ್ಮ ಹೀಟರ್ ಕಾಯಿಲ್ ಮೇಲೆ ಬಿಳಿ ಪದರ ಕಟ್ಟುತ್ತಲ್ಲ, ಅದೇ ಕ್ಯಾಲ್ಸಿಯಂ. ಹೃದಯ ಮಿಡಿಸಿದ್ದು ಅದು.

1894ರಲ್ಲಿ ಲಾಕ್ ಎಂಬುವರು ಇದನ್ನು ನರಕ್ಕೆ ತಂದರು: ಕ್ಯಾಲ್ಸಿಯಂ ತೆಗೆದರೆ ನರದ ಸಂಕೇತ ಸ್ನಾಯುವಿಗೆ ದಾಟೋದಿಲ್ಲ. ಯಾಕೆ ಅಂತ ತೋರಿಸಿದ್ದು 1960ರ ದಶಕದಲ್ಲಿ ಕಾಟ್ಜ್ ಮತ್ತು ಮಿಲೆಡಿ, ಅದೂ ರಿಂಗರ್ ಇದ್ದ ಕಾಲೇಜಲ್ಲೇ. ನರಕೋಶದ ಒಳಗಿಗಿಂತ ಹೊರಗೆ ಕ್ಯಾಲ್ಸಿಯಂ ಅಯಾನುಗಳ ಸಾಂದ್ರತೆ ಸುಮಾರು 10,000 ಪಟ್ಟು ಹೆಚ್ಚು. ಒಳಗಡೆ ಋಣ ವೋಲ್ಟೇಜ್ ಬೇರೆ ಎಳೀತಿರುತ್ತೆ. ಆದರೂ ಪೊರೆಯ ಗೇಟುಗಳು ಮುಚ್ಚಿರುತ್ತವೆ. ಸಂಕೇತ ನರದ ತುದಿ ಮುಟ್ಟಿದಾಗ ವೋಲ್ಟೇಜ್ ಬದಲಾಗಿ ಗೇಟು ತೆರೆಯುತ್ತೆ, ಕ್ಯಾಲ್ಸಿಯಂ ನುಗ್ಗುತ್ತೆ, ರಾಸಾಯನಿಕ ತುಂಬಿದ ಪುಟ್ಟ ಚೀಲಗಳು ಪೊರೆಗೆ ಬೆಸೆದು ಒಡೆದುಕೊಳ್ಳುತ್ತವೆ. ಇಷ್ಟಕ್ಕೆಲ್ಲ ಒಂದು ಮಿಲಿಸೆಕೆಂಡೂ ಬೇಕಿಲ್ಲ. ನುಗ್ಗಿದ್ದನ್ನು ಮತ್ತೆ ಹೊರಹಾಕೋಕೆ ಪೊರೆಯಲ್ಲೇ ಪಂಪುಗಳಿವೆ. ಅವು ಎಟಿಪಿ ಖರ್ಚು ಮಾಡಿ ದುಡಿಯುತ್ತವೆ.

ಇದ್ಯಾವುದೂ ರಿಂಗರ್‌ಗೆ ಗೊತ್ತಿರಲಿಲ್ಲ. 1885ರಲ್ಲಿ ರಾಯಲ್ ಸೊಸೈಟಿ ಅವರನ್ನು ಸದಸ್ಯರನ್ನಾಗಿ ಮಾಡಿಕೊಂಡಿತು. ಮಗಳೊಬ್ಬಳು ಚಿಕ್ಕ ವಯಸ್ಸಲ್ಲೇ ತೀರಿಕೊಂಡಾಗ, ಅವಳ ನೆನಪಿಗೆ ಯಾರ್ಕ್‌ಶೈರಿನ ಲಾಸ್ಟಿಂಗಮ್ ಹಳ್ಳಿಯ ಹಳೇ ಚರ್ಚನ್ನು ದುರಸ್ತಿ ಮಾಡಿಸಿಕೊಟ್ಟರು. ನಿವೃತ್ತಿಯ ದಿನಗಳನ್ನು ಅದೇ ಹಳ್ಳಿಯಲ್ಲಿ ಕಳೆದು, 1910ರಲ್ಲಿ ತೀರಿಕೊಂಡರು.