ರೇಡಿಯೋ ರಿಪೇರಿಯ ಲಿಯೋ ಫೆಂಡರರೂ ಅಗ್ಗದ ಗಿಟಾರೂ

ತಾನು ತಯಾರಿಸಿದ ವಾದ್ಯವನ್ನು ತಾನು ನುಡಿಸಲಾರದವನು, ಅದರ ತಂತಿಗಳನ್ನು ಶ್ರುತಿಗೂಡಿಸಲೂ ಕಲಿಯದವನು, ಆ ವಾದ್ಯದ ಚರಿತ್ರೆಯನ್ನೇ ಬದಲಿಸಿದನೆಂದರೆ ಸಂಗೀತ ಬಲ್ಲ ನಮ್ಮ ವಾಚಕರಿಗೆ ವಿಚಿತ್ರವೆನಿಸೀತು. ಅಮೇರಿಕದ ಲಿಯೋ ಫೆಂಡರರು ಅಂತಹ ಪುರುಷರು. ಎಳೆತನದಲ್ಲಿ ಅವರು ಕೆಲಕಾಲ ಪಿಯಾನೋ ಕಲಿತರು, ಸ್ಯಾಕ್ಸೊಫೋನ್ ಊದಿದರು. ಗಿಟಾರಿನ ಅಭ್ಯಾಸವನ್ನು ಮಾತ್ರ ಎಂದಿಗೂ ಮಾಡಲಿಲ್ಲ. ಆದರೂ ಇಂದು ಲೋಕದಲ್ಲಿ ತಯಾರಾಗುವ ಅಗ್ಗದ ವಿದ್ಯುತ್ ಗಿಟಾರುಗಳಲ್ಲಿ ಹೆಚ್ಚಿನವು ಅವರು ಹಾಕಿಕೊಟ್ಟ ಅಚ್ಚಿನಲ್ಲಿಯೇ ಇರುತ್ತವೆ.

ಈಚಿನ ವರುಷಗಳಲ್ಲಿ ನಮ್ಮವರ ಮನೆಗಳಲ್ಲಿ ಮಕ್ಕಳು ವಿದ್ಯುತ್ ಗಿಟಾರಿಗಾಗಿ ತಂದೆಯನ್ನು ಕಾಡುವುದು ಅಪರೂಪವಾಗಿಲ್ಲ. ಅಂಗಡಿಗೆ ಹೋದರೆ ಒಂದೇ ಆಕಾರದ, ಒಂದೇ ಬಣ್ಣದ ಎರಡು ಗಿಟಾರುಗಳು ಅಕ್ಕಪಕ್ಕದಲ್ಲಿ ತೂಗುತ್ತಿರುತ್ತವೆ. ಒಂದರ ಬೆಲೆ ಇನ್ನೊಂದರದಕ್ಕಿಂತ ಎಷ್ಟೋ ಪಾಲು ಹೆಚ್ಚು. ಅಗ್ಗದ್ದನ್ನು ಕೊಂಡರೆ ಹಣ ನೀರಿನಲ್ಲಿ ಹೋಮವಾದೀತೇ ಎಂದು ಬಾಡಿಗೆಯ ಮನೆಯಲ್ಲಿ ತಿಂಗಳ ಸಂಬಳವನ್ನು ಎಣಿಸಿ ಬಾಳುವ ಗೃಹಸ್ಥನು ಅಂಜುವುದು ಸಹಜ. ಫೆಂಡರರ ಜೀವನವನ್ನು ಅರಿತವನಿಗೆ ಆ ಅಂಜಿಕೆ ಬಹುಮಟ್ಟಿಗೆ ತೊಲಗುವುದೆಂದೂ, ಎಲ್ಲಿ ಅಂಜಬೇಕೋ ಅಲ್ಲಿ ಅಂಜುವ ವಿವೇಕ ಬರುವುದೆಂದೂ ನಾವು ನಂಬುತ್ತೇವೆ.

ಕ್ಲಾರೆನ್ಸ್ ಲಿಯೊನಿಡಾಸ್ ಫೆಂಡರರು ೧೯೦೯ನೆಯ ಇಸವಿ ಆಗಸ್ಟ್ ೧೦ರಂದು ದಕ್ಷಿಣ ಕ್ಯಾಲಿಫೋರ್ನಿಯದಲ್ಲಿ, ಅನಹೈಮ್ ಮತ್ತು ಫುಲರ್ಟನ್ ಊರುಗಳ ನಡುವಿನ ಒಂದು ಕಿತ್ತಳೆಯ ತೋಟದಲ್ಲಿ ಜನಿಸಿದರು. ತಂದೆತಾಯಿಗಳು ಬೇಸಾಯಗಾರರು. ಎಂಟನೆಯ ವಯಸ್ಸಿನಲ್ಲಿ ಗೆಡ್ಡೆ ಬೆಳೆದು ಬಾಲಕನ ಎಡಗಣ್ಣನ್ನು ತೆಗೆಯಬೇಕಾಯಿತು; ಅಲ್ಲಿಂದ ಮುಂದೆ ಗಾಜಿನ ಕಣ್ಣೇ ಗತಿಯಾಯಿತು. ಹದಿಮೂರರ ಸುಮಾರಿಗೆ, ಮೋಟಾರು ಗಾಡಿಗಳ ವಿದ್ಯುತ್ ಕೆಲಸದ ಅಂಗಡಿಯನ್ನಿಟ್ಟಿದ್ದ ಬಂಧು ಜಾನ್ ವೆಸ್ಟರು ಹಳೆಯ ಬಿಡಿಭಾಗಗಳನ್ನೂ ಒಂದು ಬ್ಯಾಟರಿಯನ್ನೂ ಪೆಟ್ಟಿಗೆಯಲ್ಲಿ ತುಂಬಿ ಕಳುಹಿಸಿದರು. ಹುಡುಗನು ಅವನ್ನು ಬಿಚ್ಚುತ್ತ, ಜೋಡಿಸುತ್ತ ರೇಡಿಯೋ ವಿದ್ಯೆಯನ್ನು ತನ್ನಷ್ಟಕ್ಕೆ ತಾನೇ ಸಾಧಿಸಿದನು.

ಆದರೆ ಕಾಲೇಜಿನಲ್ಲಿ ಅವರು ಓದಿದ್ದು ಯಂತ್ರಶಾಸ್ತ್ರವಲ್ಲ, ಲೆಕ್ಕಪತ್ರ. ಮಂಜುಗಡ್ಡೆಯ ಕಂಪನಿಯೊಂದರಲ್ಲಿ ಮೊದಲು ಸರಕು ಮುಟ್ಟಿಸುವ ಕೆಲಸ, ಆಮೇಲೆ ಗುಮಾಸ್ತೆಗಿರಿ. ೧೯೩೪ರಲ್ಲಿ ಎಸ್ತರ್ ಎಂಬಾಕೆಯೊಡನೆ ವಿವಾಹ. ತರುವಾಯ ಹೆದ್ದಾರಿ ಇಲಾಖೆಯಲ್ಲಿ ಲೆಕ್ಕಿಗನ ಹುದ್ದೆ. ಆರ್ಥಿಕ ಮುಗ್ಗಟ್ಟಿನ ಆ ದಿನಗಳಲ್ಲಿ ಸರಕಾರದ ಕೆಲಸವೂ ಹೋಯಿತು, ಅನಂತರ ಹಿಡಿದ ಟಯರು ಕಂಪನಿಯ ಕೆಲಸವೂ ಆರು ತಿಂಗಳಲ್ಲಿ ಹೋಯಿತು. ೧೯೩೮ರಲ್ಲಿ ೬೦೦ ಡಾಲರು ಸಾಲ ಮಾಡಿ ಫುಲರ್ಟನ್ನಿಗೆ ಮರಳಿ ರೇಡಿಯೋ ರಿಪೇರಿಯ ಅಂಗಡಿಯನ್ನು ತೆರೆದರು. ಮುಂಬಯಿಯ ಲ್ಯಾಮಿಂಗ್ಟನ್ ರಸ್ತೆಯ ಹಳೆಯ ರೇಡಿಯೋ ಅಂಗಡಿಗಳನ್ನು ಕಂಡವರಿಗೆ ಆ ಅಂಗಡಿಯ ಚಿತ್ರವನ್ನು ನಾವು ಬಣ್ಣಿಸಿ ಹೇಳಬೇಕಾಗಿಲ್ಲ. ಲೆಕ್ಕಿಗನ ಮಿತವ್ಯಯ, ರಿಪೇರಿಗಾರನ ಕೈ, ಇವೆರಡೂ ಕೂಡಿದ ಮನುಷ್ಯನು ವಾದ್ಯವನ್ನು ಯಾವ ಕಣ್ಣಿನಿಂದ ನೋಡುವನೆಂಬುದು ಮುಂದಿನ ಕಥೆ.

ರಿಪೇರಿಗೆಂದು ಬರುತ್ತಿದ್ದ ವಸ್ತುಗಳಲ್ಲಿ ಸಂಗೀತಗಾರರ ಧ್ವನಿವರ್ಧಕಗಳೂ ಗಿಟಾರುಗಳೂ ಇದ್ದುವು. ಯಾವ ಜಾಗ ಮೊದಲು ಕೆಡುತ್ತದೆ, ಯಾವುದನ್ನು ಬಿಚ್ಚುವುದು ಕಷ್ಟ ಎಂಬುದು ಅವರಿಗೆ ದಿನದಿನದ ಅನುಭವದಿಂದ ಮನದಟ್ಟಾಯಿತು. ೧೯೪೫ರಲ್ಲಿ ಡಾಕ್ ಕಾಫ್‌ಮನ್ನರೊಡನೆ ಕೂಡಿ ತೊಡೆಯ ಮೇಲಿಟ್ಟು ನುಡಿಸುವ ಸ್ಟೀಲ್ ಗಿಟಾರುಗಳನ್ನು ಮಾಡತೊಡಗಿದರು. ಸಾಲಕ್ಕೆ ಹೆದರಿದ ಕಾಫ್‌ಮನ್ನರು ಮರುವರ್ಷವೇ ತಮ್ಮ ಪಾಲಿಗೆ ಬದಲಾಗಿ ಒಂದು ಸಣ್ಣ ಪಂಚಿಂಗ್ ಯಂತ್ರವನ್ನು ತೆಗೆದುಕೊಂಡು ಹೊರಬಿದ್ದರು. ಇಷ್ಟು ಅಗ್ಗವಾಗಿ ಬಿಟ್ಟುಕೊಟ್ಟ ಪಾಲು ವ್ಯಾಪಾರದ ಚರಿತ್ರೆಯಲ್ಲಿ ವಿರಳವೇ ಸರಿ.

ಇಲ್ಲಿ ವಾದ್ಯದ ಮರ್ಮವನ್ನು ಸ್ವಲ್ಪ ಬಿಡಿಸಿ ಹೇಳುವುದು ಅವಶ್ಯ. ನಮ್ಮ ವೀಣೆಯಲ್ಲಿ ನಾದವು ಹುಟ್ಟುವುದು ತಂತಿಯಲ್ಲಾದರೂ ತುಂಬಿಕೊಳ್ಳುವುದು ಕೊಡದಲ್ಲಿ. ಹಲಸಿನ ಮರವು ಬಲಿತಿರಬೇಕು, ಕೊಡವನ್ನು ಕೊರೆಯುವ ಕೈ ಪಳಗಿರಬೇಕು. ಅಗ್ಗದ ಮರದಲ್ಲಿ ಅವಸರದಿಂದ ಮಾಡಿದ ವೀಣೆ ಆಯುಷ್ಯವಿಡೀ ಮೂಕವಾಗಿಯೇ ಉಳಿಯುತ್ತದೆ. ವಿದ್ಯುತ್ ಗಿಟಾರಿನ ಬಗೆ ಬೇರೆ. ಅಯಸ್ಕಾಂತಕ್ಕೆ ಸಾವಿರಾರು ಸುತ್ತು ಸಣ್ಣ ತಾಮ್ರದ ತಂತಿಯನ್ನು ಸುತ್ತಿ ಮಾಡಿದ ಪಿಕಪ್ ಎಂಬ ಸುರುಳಿಯೊಂದು ಉಕ್ಕಿನ ತಂತಿಗಳ ಅಡಿಯಲ್ಲಿರುತ್ತದೆ. ತಂತಿ ಮಿಡಿದಾಗ ಸುರುಳಿಯಲ್ಲಿ ಕಿರಿದಾದ ವಿದ್ಯುತ್ ಪ್ರವಾಹ ಏಳುತ್ತದೆ. ಧ್ವನಿವರ್ಧಕವು ಅದನ್ನು ಹಿಗ್ಗಿಸುತ್ತದೆ. ಪೊಳ್ಳು ಮೈಯ ಅಗತ್ಯವೇ ಇಲ್ಲ. ಅಷ್ಟೇ ಅಲ್ಲ, ಶಬ್ದವನ್ನು ಏರಿಸಿದಂತೆಲ್ಲ ಪೊಳ್ಳು ಮೈ ತಾನೂ ಅದುರಿ ಊಳಿಡತೊಡಗುತ್ತದೆ. ಆದಕಾರಣ ಗಟ್ಟಿ ಹಲಗೆಯೇ ಮೇಲು. ಗಟ್ಟಿ ಮೈಯ ಗಿಟಾರನ್ನು ಮಾಡಿದವರಲ್ಲಿ ಫೆಂಡರರು ಮೊದಲಿಗರೇನಲ್ಲ. ಅದನ್ನು ಕಾರ್ಖಾನೆಯಲ್ಲಿ ನೂರಾರು ಸಂಖ್ಯೆಯಲ್ಲಿ, ಸಾಮಾನ್ಯ ನುಡಿಸುವವನ ಕೈಗೆಟಕುವ ಬೆಲೆಗೆ ಮಾಡಿ ಮಾರಲು ಸಾಧ್ಯವೆಂದು ತೋರಿಸಿದವರು ಅವರು.

೧೯೫೦ರಲ್ಲಿ ಹೊರಬಂದ ಎಸ್ಕ್ವಾಯರ್ ಮತ್ತು ಬ್ರಾಡ್‌ಕಾಸ್ಟರ್ ಗಿಟಾರುಗಳನ್ನು ನೋಡಿ ಹಳೆಯ ವಾದ್ಯಕಾರರು ನಕ್ಕರು. ಹಿಮ ಬಳಿಯುವ ಸಲಿಕೆಗೂ ದೋಣಿಯ ಹುಟ್ಟಿಗೂ ಹೋಲಿಸಿದರು. ಅವರ ನಗೆಗೆ ಕಾರಣವಿತ್ತು. ಕೆತ್ತನೆಯಿಲ್ಲ, ಚಿಪ್ಪಿನ ಕುಂದಣವಿಲ್ಲ. ಚಪ್ಪಟೆ ಹಲಗೆಯೊಂದಕ್ಕೆ ಮೇಪಲ್ ಮರದ ದಂಡಿಯನ್ನು ನಾಲ್ಕು ತಿರುಪು ಮೊಳೆಗಳಿಂದ ಬಿಗಿದದ್ದು. ದಂಡಿಯನ್ನು ಸರೇಸು ಹಾಕಿ ಮೈಗೆ ಅಂಟಿಸುವುದೇ ಕುಲೀನ ಪದ್ಧತಿಯಾಗಿದ್ದ ಕಾಲವದು. ಫೆಂಡರರ ಲೆಕ್ಕ ಬೇರೆಯಾಗಿತ್ತು. ಮೆಟ್ಟಿಲುಗಳು ಸವೆದರೆ ದಂಡಿಯನ್ನೇ ಕಳಚಿ ಹೊಸದನ್ನು ಬಿಗಿದರಾಯಿತು. ಗಿಟಾರನ್ನು ತಿಂಗಳುಗಟ್ಟಲೆ ರಿಪೇರಿಯ ಮೇಜಿನ ಮೇಲಿಡಬೇಕಾದುದಿಲ್ಲ. ರಾತ್ರಿಯ ನೃತ್ಯಶಾಲೆಯಲ್ಲಿ ನುಡಿಸಿ ಹೊಟ್ಟೆ ಹೊರೆಯುವವನಿಗೆ ಒಂದು ವಾರ ವಾದ್ಯವಿಲ್ಲದಿದ್ದರೆ ಒಂದು ವಾರ ಕೂಲಿಯಿಲ್ಲ.

ಆದರೆ ಮಿತವ್ಯಯವು ಎಲ್ಲಿ ನಿಲ್ಲಬೇಕೆಂಬ ಪಾಠವೂ ಆ ವರುಷವೇ ದೊರೆಯಿತು. ತಂತಿಗಳ ಎಳೆತಕ್ಕೆ ದಂಡಿ ಬಿಲ್ಲಿನಂತೆ ಬಾಗದಿರಲೆಂದು ಅದರ ಒಳಗೆ ಟ್ರಸ್ ರಾಡ್ ಎಂಬ ಉಕ್ಕಿನ ಸಲಾಕೆಯನ್ನಿಡುವ ಪದ್ಧತಿ ಇತರ ತಯಾರಕರಲ್ಲಿತ್ತು. ಮೇಪಲ್ ಮರವು ಕಠಿಣವಾದ ಮರ, ಅದಕ್ಕೆ ಈ ಊರುಗೋಲು ಬೇಡವೆಂದು ಫೆಂಡರರ ನಂಬಿಕೆ; ಮೊದಲ ಎಸ್ಕ್ವಾಯರುಗಳು ಸಲಾಕೆಯಿಲ್ಲದೆಯೇ ಹೊರಟುವು. ದಂಡಿಗಳು ಬಾಗಿದುವು, ಸರಕು ಹಿಂದಿರುಗತೊಡಗಿತು. ಮಾರಾಟವನ್ನು ನೋಡಿಕೊಳ್ಳುತ್ತಿದ್ದ ಡಾನ್ ರ‍್ಯಾಂಡಲರು ಸಲಾಕೆಯಿಲ್ಲದೆ ಈ ವಾದ್ಯವನ್ನು ಮಾರಲಾಗದೆಂದು ಪಟ್ಟು ಹಿಡಿದರು. ಫೆಂಡರರು ಒಪ್ಪಿದರು. ದಂಡಿಯ ಬೆನ್ನಿನಲ್ಲಿ ಗಾಡಿ ಕೊರೆದು ಸಲಾಕೆಯನ್ನಿಟ್ಟು, ಮೇಲೆ ಕಪ್ಪು ವಾಲ್ನಟ್ ಮರದ ಪಟ್ಟಿಯನ್ನು ಕೂಡಿಸಿದರು. ಇಂದಿಗೂ ಎಷ್ಟೋ ಗಿಟಾರುಗಳ ಬೆನ್ನಿನಲ್ಲಿ ಕಾಣುವ ಆ ಕಪ್ಪು ಗೆರೆ ಅಲಂಕಾರವಲ್ಲ, ಆ ವಿವಾದದ ಗುರುತು. ಅವರು ಉಳಿಸಿದ ಇತರ ನೂರು ಖರ್ಚುಗಳು ವಾದ್ಯಕ್ಕೆ ಕೇಡು ಮಾಡಲಿಲ್ಲ, ಇದೊಂದು ಮಾಡಿತು.

ಆದಕಾರಣ ಅಗ್ಗದ ಗಿಟಾರನ್ನು ಕೊಳ್ಳುವವನು ಮೊದಲು ನೋಡತಕ್ಕದ್ದು ದಂಡಿಯನ್ನು. ಬಡಗಿಯು ಹಲಗೆಯನ್ನು ಒಂದು ಕಣ್ಣು ಮುಚ್ಚಿ ನೋಡುವಂತೆ ದಂಡಿಯ ತುದಿಯಿಂದ ಉದ್ದಕ್ಕೂ ನೋಡಬೇಕು. ತೀರ ಸ್ವಲ್ಪವಾದ ಬಾಗು ಇರತಕ್ಕದ್ದೇ, ಅದನ್ನು ಸಲಾಕೆಯನ್ನು ತಿರುಗಿಸಿ ಸರಿಪಡಿಸಬಹುದು. ಹಗ್ಗ ಹೊಸೆದಂತೆ ತಿರುಚಿಕೊಂಡ ದಂಡಿಗೆ ಮಾತ್ರ ಮದ್ದಿಲ್ಲ. ತರುವಾಯ ಒಂದೊಂದು ಮೆಟ್ಟಿಲಿನ ಮೇಲೂ ಒಂದೊಂದು ತಂತಿಯನ್ನು ಒತ್ತಿ ಮಿಡಿಯಬೇಕು. ಎಲ್ಲಿ ತಂತಿ ಝೇಂಕರಿಸುವುದೋ ಅಲ್ಲಿ ಮೆಟ್ಟಿಲು ಎದ್ದಿದೆ. ಬಿರಡೆಗಳು ಜಾರದೆ ತಿರುಗಬೇಕು, ತಂತಿಯನ್ನು ಜಗ್ಗಿ ಬಿಟ್ಟ ಮೇಲೂ ಶ್ರುತಿ ನಿಲ್ಲಬೇಕು. ಗುಂಡಿಗಳನ್ನು ತಿರುಗಿಸಿದಾಗ ಕರಕರ ಸದ್ದು ಬಂದರೆ, ವಯರು ಸಿಕ್ಕಿಸುವ ಜಾಗ ಅಲುಗಾಡಿದರೆ, ಅದು ಕಡಿಮೆ ಬೆಲೆಯ ಭಾಗಗಳ ಲಕ್ಷಣ. ಆದರೆ ಇವು ಬೆಸುಗೆ ಬಲ್ಲ ರೇಡಿಯೋ ರಿಪೇರಿಗಾರನೊಬ್ಬನು ಒಂದು ಗಳಿಗೆಯಲ್ಲಿ ಬದಲಿಸಬಹುದಾದ ಭಾಗಗಳು. ಬಣ್ಣದ ಹೊಳಪನ್ನು ಕೊನೆಗೆ ನೋಡಿದರಾಯಿತು. ಫೆಂಡರರೇ ತಮ್ಮ ಗಿಟಾರುಗಳಿಗೆ ಮೋಟಾರು ಗಾಡಿಯ ಬಣ್ಣವನ್ನು ಬಳಿಸಿದರು!

ಬ್ರಾಡ್‌ಕಾಸ್ಟರ್ ಎಂಬ ಹೆಸರಿಗೆ ಇನ್ನೊಂದು ಕಂಪನಿಯ ತಕರಾರು ಬಂದುದರಿಂದ ೧೯೫೧ರಲ್ಲಿ ಅದು ಟೆಲಿಕಾಸ್ಟರ್ ಎನಿಸಿತು. ಅದೇ ವರ್ಷ ಪ್ರಿಸಿಷನ್ ಬಾಸ್ ಬಂದಿತು. ೧೯೫೪ರಲ್ಲಿ ಸ್ಟ್ರಾಟೊಕಾಸ್ಟರ್. ಹಲಗೆಯ ಅಂಚು ಪಕ್ಕೆಗೆ ಒತ್ತುತ್ತದೆಂದು ಬಿಲ್ ಕಾರ್ಸನರಂತಹ ವಾದಕರು ದೂರಿದಾಗ ಫೆಂಡರರು ಅಂಚನ್ನು ಮೈಗೆ ಒಗ್ಗುವಂತೆ ತೀಡಿಸಿದರು. ತಾವು ನುಡಿಸಲಾರದವರಾದುದರಿಂದಲೇ ನುಡಿಸುವವರ ಮಾತನ್ನು ಅಷ್ಟು ಕಿವಿಗೊಟ್ಟು ಕೇಳಿದರೆಂದು ನಮಗೆ ತೋರುತ್ತದೆ. ಕಂಪ ಕೊಡುವ ಸನ್ನೆಯಿದ್ದ ಸ್ಟ್ರಾಟೊಕಾಸ್ಟರಿನ ಬೆಲೆ ಆಗ ೨೪೯ ಡಾಲರು ೫೦ ಸೆಂಟು. ಇದೇನೂ ಬಡವನ ಬೆಲೆಯಲ್ಲ.

ಬಡವನಿಗಾಗಿ, ಅಂದರೆ ಕಲಿಯುವ ಹುಡುಗರಿಗಾಗಿ, ೧೯೫೬ರಲ್ಲಿ ಮ್ಯೂಸಿಕ್‌ಮಾಸ್ಟರ್, ಡ್ಯುಯೊ-ಸಾನಿಕ್ ಎಂಬ ಗಿಟಾರುಗಳು ಬಂದುವು. ದೊಡ್ಡ ಗಿಟಾರಿನಲ್ಲಿ ಮಿಡಿಯುವ ತಂತಿಯ ಉದ್ದ ಇಪ್ಪತ್ತೈದೂವರೆ ಅಂಗುಲವಾದರೆ ಇವುಗಳಲ್ಲಿ ಇಪ್ಪತ್ತೆರಡೂವರೆ. ಪಿಕಪ್ಪುಗಳು ಒಂದು ಅಥವಾ ಎರಡು. ಆದರೆ ಕಾರ್ಖಾನೆ ಅದೇ, ತಿರುಪು ಮೊಳೆಯ ಜೋಡಣೆ ಅದೇ, ದಂಡಿಯೊಳಗಿನ ಸಲಾಕೆ ಅದೇ. ೧೯೬೪ರಲ್ಲಿ ಇದೇ ವರ್ಗದ ಮಸ್ಟಾಂಗ್ ಬಂದಿತು. ವಿದ್ಯಾರ್ಥಿಗಳ ಆ ಗಿಟಾರನ್ನೇ ಕುರ್ಟ್ ಕೊಬೇನರು ೧೯೯೧ರಲ್ಲಿ, ನಿರ್ವಾಣವೆಂಬ ನಮ್ಮ ಮಾತನ್ನೇ ಹೆಸರಾಗುಳ್ಳ ತಮ್ಮ ತಂಡದ ಪ್ರಖ್ಯಾತ ಚಿತ್ರಿಕೆಯಲ್ಲಿ ಹಿಡಿದಿದ್ದರು. ನ್ಯೂಜೆರ್ಸಿಯಲ್ಲಿ ನೇಥನ್ ಡೇನಿಯಲರೆಂಬ ಇನ್ನೊಬ್ಬರು ಮಿತವ್ಯಯದಲ್ಲಿ ಫೆಂಡರರನ್ನೂ ಮೀರಿಸಿ, ಒತ್ತಿದ ಹೊಟ್ಟಿನ ಹಲಗೆಯಿಂದ ಗಿಟಾರಿನ ಮೈ ಮಾಡಿ, ಲಿಪ್‌ಸ್ಟಿಕ್ಕಿನ ಡಬ್ಬಿಯಲ್ಲಿ ಪಿಕಪ್ಪನ್ನಿಟ್ಟರು. ಲೆಡ್ ಜೆಪ್ಪೆಲಿನ್ ತಂಡದ ಜಿಮ್ಮಿ ಪೇಜರು ಅಂತಹುದೊಂದನ್ನು ದೊಡ್ಡ ಸಭೆಗಳಲ್ಲಿ ನುಡಿಸಿದರು.

ಇಷ್ಟರಲ್ಲಿ ಫೆಂಡರರ ಆರೋಗ್ಯ ಕೆಟ್ಟಿತ್ತು. ಮೂಗಿನ ಒಳಗಿನ ಸೋಂಕೊಂದು ವರುಷಗಟ್ಟಲೆ ಕಾಡಿ, ತಾವು ಹೆಚ್ಚು ಕಾಲ ಬದುಕಲಾರೆನೆಂದು ಅವರಿಗೆ ಅನಿಸಿತು. ೧೯೬೫ರ ಜನವರಿಯಲ್ಲಿ ಕಂಪನಿಯನ್ನು ಸಿ. ಬಿ. ಎಸ್. ಎಂಬ ಬೃಹತ್ ಪ್ರಸಾರ ಸಂಸ್ಥೆಗೆ ೧ ಕೋಟಿ ೩೦ ಲಕ್ಷ ಡಾಲರಿಗೆ ಮಾರಿದರು. ಆಮೇಲೆ ವೈದ್ಯರನ್ನು ಬದಲಾಯಿಸಿದರು, ರೋಗ ವಾಸಿಯಾಯಿತು! ಆದರೆ ಮಾರಿದ ಹೆಸರು ಮರಳಿ ಬರಲಿಲ್ಲ. ಇನ್ನು ಮುಂದೆ ತಮ್ಮ ಕೈಯಿಂದ ಮಾಡಿದ ಗಿಟಾರಿನ ಮೇಲೆ ತಮ್ಮ ಮನೆತನದ ಹೆಸರನ್ನು ಬರೆಯಲು ಅವರಿಗೇ ಹಕ್ಕಿರಲಿಲ್ಲ.

ಹೊಸ ಒಡೆಯರ ಕಾಲದಲ್ಲಿ ತಯಾರಿಕೆ ಹೆಚ್ಚಿತು, ಗುಣ ತಗ್ಗಿತೆಂಬ ದೂರು ಬೆಳೆಯಿತು. ೧೯೭೧ರಿಂದ ಸ್ಟ್ರಾಟೊಕಾಸ್ಟರಿನ ದಂಡಿಗೆ ನಾಲ್ಕರ ಬದಲು ಮೂರೇ ಮೊಳೆಗಳನ್ನು ಹಾಕತೊಡಗಿದರು. ಮೂರು ಮೊಳೆಯ ವಿಧಾನವೇ ಕೆಟ್ಟದ್ದಲ್ಲವಾದರೂ ಸಡಿಲವಾಗಿ ಕೊರೆದ ಗುಂಡಿಯಲ್ಲಿ ದಂಡಿ ಅತ್ತಿತ್ತ ಸರಿಯುತ್ತಿತ್ತು. ಅದೇ ದಶಕದಲ್ಲಿ ಜಪಾನಿನ ಕುಶಲಿಗಳು ಫೆಂಡರರ ಹಳೆಯ ಮಾದರಿಗಳನ್ನು ಅಳೆದು, ಅಚ್ಚುಕಟ್ಟಾಗಿ ನಕಲು ಮಾಡಿ ಕಡಿಮೆ ಬೆಲೆಗೆ ಮಾರಿದರು. ದುಬಾರಿಯಾದ ಮೂಲಕ್ಕಿಂತ ಅಗ್ಗದ ನಕಲೇ ಗಟ್ಟಿಯೆಂದು ವಾದಕರು ಆಡಿಕೊಳ್ಳುವಂತಾಯಿತು. ಕೊನೆಗೆ ೧೯೮೨ರಲ್ಲಿ ಫೆಂಡರ್ ಕಂಪನಿಯೇ ಜಪಾನಿನಲ್ಲಿ ಸ್ಕ್ವಾಯರ್ ಎಂಬ ಹೆಸರಿನಿಂದ ಅಗ್ಗದ ಗಿಟಾರುಗಳನ್ನು ಮಾಡಿಸತೊಡಗಿತು. ಆ ಕೆಲಸ ತರುವಾಯ ಕೊರಿಯ, ಚೀನ, ಇಂಡೊನೇಷ್ಯಗಳಿಗೆ ಹರಡಿತು, ೧೯೮೦ರ ದಶಕದ ಕೊನೆಗೆ ಕೆಲವು ನಮ್ಮ ಭಾರತದಲ್ಲಿಯೂ ತಯಾರಾದುವು. ಇಂದಿನ ಅಗ್ಗದ ಗಿಟಾರಿನ ಮರವನ್ನು ಗಣಕಯಂತ್ರದಿಂದ ನಡೆಯುವ ಉಳಿ ಕತ್ತರಿಸುತ್ತದೆ. ಅದು ಬೆಲೆ ನೋಡಿ ಕೈ ತಪ್ಪುವುದಿಲ್ಲ. ಮನುಷ್ಯನ ಕೈ ಹಿಡಿಯುವ ಕೆಲಸಗಳಲ್ಲಿ, ಅಂದರೆ ಮೆಟ್ಟಿಲಿನ ಅಂಚನ್ನು ಉಜ್ಜುವುದು, ತಂತಿಯ ಎತ್ತರವನ್ನು ಹದಗೊಳಿಸುವುದು, ಇವುಗಳಲ್ಲಿಯೇ ಹಣವನ್ನು ಉಳಿಸಿರುತ್ತಾರೆ. ಆದುದರಿಂದ ಗಿಟಾರಿಗೆಂದು ತೆಗೆದಿಟ್ಟ ಹಣದಲ್ಲಿ ಸ್ವಲ್ಪವನ್ನು ಬಲ್ಲ ಕುಶಲಿಯ ಕೂಲಿಗೆ ಮೀಸಲಿಡುವುದು ಜಾಣತನ.

ನಮ್ಮ ವಾಚಕರು ಹರಡಿರುವ ಊರುಗಳ ಹವೆಯನ್ನೂ ನೆನೆಯಬೇಕು. ಮುಂಬಯಿ, ಚೆನ್ನೈಗಳ ಕಡಲ ಗಾಳಿಗೆ ಉಕ್ಕಿನ ತಂತಿಗಳು ಬೇಗ ತುಕ್ಕು ಹಿಡಿಯುತ್ತವೆ, ಮಳೆಗಾಲದಲ್ಲಿ ಮರ ಹಿಗ್ಗಿ ದಂಡಿಯ ಬಾಗು ಬದಲಾಗುತ್ತದೆ. ದಿಲ್ಲಿಯ ಒಣ ಬೇಸಗೆಯಲ್ಲಿ ಮರ ಕುಗ್ಗಿ ಮೆಟ್ಟಿಲುಗಳ ತುದಿ ಹೊರಚಾಚಿ ಬೆರಳನ್ನು ಗೀರುತ್ತದೆ. ಇದನ್ನು ಕಂಡು ಮೋಸಹೋದೆವೆಂದು ಅಂಗಡಿಯವನನ್ನು ಶಪಿಸುವವರುಂಟು. ದುಬಾರಿ ಗಿಟಾರಿಗೂ ಹವೆ ಹೀಗೆಯೇ ಮಾಡುತ್ತದೆ.

ಫೆಂಡರರು ಸುಮ್ಮನೆ ಕೂಡಲಿಲ್ಲ. ಒಪ್ಪಂದದ ನಿರ್ಬಂಧ ತೀರುವವರೆಗೆ ಕಾದು, ೧೯೭೫ರಲ್ಲಿ ಮ್ಯೂಸಿಕ್ ಮ್ಯಾನ್ ಕಂಪನಿಯ ಅಧ್ಯಕ್ಷರಾದರು. ಅಲ್ಲಿಯೂ ಪಾಲುದಾರರೊಡನೆ ಮನಸ್ಸು ಕೂಡದೆ ಹೊರಬಂದು, ಹಳೆಯ ಜತೆಗಾರ ಜಾರ್ಜ್ ಫುಲರ್ಟನರೊಡನೆ ಜಿ. ಎಂಡ್ ಎಲ್. ಎಂಬ ಸಂಸ್ಥೆಯನ್ನು ಕಟ್ಟಿದರು. ೧೯೭೯ರಲ್ಲಿ ಪತ್ನಿ ಎಸ್ತರ್ ತೀರಿಕೊಂಡರು. ಮರುವರ್ಷ ಫಿಲಿಸ್ ಎಂಬಾಕೆಯನ್ನು ವರಿಸಿದರು. ಕೋಟ್ಯಧೀಶರಾಗಿಯೂ ದಿನವೂ ಕೆಲಸದ ಮೇಜಿಗೆ ಬರುತ್ತಿದ್ದರು. ಪಾರ್ಕಿನ್‌ಸನ್ ರೋಗದಿಂದ ದೇಹ ಕುಗ್ಗಿದಾಗಲೂ ಪಿಕಪ್ಪಿನ ಸುರುಳಿಯನ್ನೂ ಕುದುರೆಯ ಆಕಾರವನ್ನೂ ತಿದ್ದುತ್ತಲೇ ಇದ್ದರು. ೧೯೯೧ನೆಯ ಇಸವಿ ಮಾರ್ಚ್ ೨೧ರಂದು, ೮೧ನೆಯ ವಯಸ್ಸಿನಲ್ಲಿ, ಫುಲರ್ಟನ್ನಿನಲ್ಲಿ ನಿಧನರಾದರು. ಅದರ ಹಿಂದಿನ ದಿನವೂ ಅವರು ಕೆಲಸಕ್ಕೆ ಹೋಗಿದ್ದರು.