ಕೇಬಲ್ ಕಂಪನಿಯ ಗುಮಾಸ್ತ ಮತ್ತು ಒಂದು ಚಾಕು

ರಾತ್ರಿ ಹತ್ತರ ಮೇಲೆ ಅಮೃತಹಳ್ಳಿಯಿಂದ ಮಾನ್ಯತಾ ಟೆಕ್ ಪಾರ್ಕ್ ಕಡೆ ಹೋಗಿ ನೋಡಿ, ಕೆಲವು ಮಹಡಿಗಳಲ್ಲಿ ಇನ್ನೂ ಲೈಟ್ ಉರೀತಾ ಇರುತ್ತೆ. ಶಾರ್ಟ್ ಫಿಲಂ ಮಾಡೋಕೆ ಹೊರಟ ಪ್ರತಿ ಬ್ಯಾಚಿನಲ್ಲೂ ಯಾರಾದರೊಬ್ಬರಿಗೆ ಈ ಐಡಿಯಾ ಬಂದೇ ಬರುತ್ತೆ: ಖಾಲಿ ಆಫೀಸು, ನೈಟ್ ಶಿಫ್ಟು, ಐದಾರು ಜನ ಉದ್ಯೋಗಿಗಳು, ಕೈಯಲ್ಲಿ ಚಾಕು ಹಿಡಿದ ಒಬ್ಬ. ಸೆಟ್ ಹಾಕೋ ಹಾಗಿಲ್ಲ, ಸ್ಟಾರ್ ಬೇಕಿಲ್ಲ, ಹಾಡು ಬೇಡ. ಇಂಥ ಚಿತ್ರಗಳಿಗೆ ಸ್ಲ್ಯಾಶರ್ ಅಂತಾರೆ. ಕಡಿಮೆ ದುಡ್ಡಲ್ಲಿ ಹೆದರಿಸೋದೇ ಅವುಗಳ ಕಸುಬು.

ಈ ವಂಶದ ಮೂಲಪುರುಷ ಯಾರು ಅಂತ ಹುಡುಕಿದರೆ ಹೆಚ್ಚಿನವರು ತಲುಪೋದು ಆಲ್‌ಫ್ರೆಡ್ ಹಿಚ್‌ಕಾಕ್ ಹತ್ತಿರ. ಆತ ಸಿನಿಮಾಕ್ಕೆ ಬಂದದ್ದು ಇಂಜಿನಿಯರಿಂಗ್ ಶಾಲೆಯಿಂದ, ಒಂದು ಕೇಬಲ್ ಕಂಪನಿಯ ಆಫೀಸಿನ ಮೂಲಕ. ನಮ್ಮ ಕ್ಯಾಂಪಸ್ಸಿನಲ್ಲಿ ಅವನ ಕಥೆ ಹೇಳೋಕೆ ಇಷ್ಟು ನೆಪ ಸಾಕು.

ಹಿಚ್‌ಕಾಕ್ ಹುಟ್ಟಿದ್ದು 1899ರ ಆಗಸ್ಟ್ 13ರಂದು, ಲಂಡನ್ನಿನ ಪೂರ್ವ ಅಂಚಿನ ಲೇಟನ್‌ಸ್ಟೋನ್‌ನಲ್ಲಿ. ಅಪ್ಪನದು ತರಕಾರಿ ಅಂಗಡಿ, ಅದರ ಮೇಲೇ ಮನೆ. ಚಿಕ್ಕವನಿದ್ದಾಗ ಅಪ್ಪ ಒಂದು ಚೀಟಿ ಕೊಟ್ಟು ಪೊಲೀಸ್ ಠಾಣೆಗೆ ಕಳಿಸಿದ, ಅಲ್ಲಿನವರು ಚೀಟಿ ಓದಿ ಹುಡುಗನನ್ನ ಐದು ನಿಮಿಷ ಲಾಕಪ್ಪಿಗೆ ಹಾಕಿದರು ಅಂತ ಆತ ಜೀವನಪೂರ್ತಿ ಹೇಳಿಕೊಂಡು ಬಂದ. ಎಷ್ಟು ನಿಜವೋ, ಎಷ್ಟು ಮಸಾಲೆಯೋ. ತಪ್ಪು ಮಾಡದೇ ಸಿಕ್ಕಿಬೀಳುವ ಮನುಷ್ಯ ಮಾತ್ರ ಮುಂದೆ ಅವನ ಚಿತ್ರಗಳಲ್ಲಿ ಮತ್ತೆ ಮತ್ತೆ ಬಂದ.

ಜೆಸ್ಯೂಟ್ ಪಾದ್ರಿಗಳ ಶಾಲೆ ಮುಗಿಸಿ, ಹದಿಹರೆಯದಲ್ಲಿ ಪಾಪ್ಲರ್‌ನ ಇಂಜಿನಿಯರಿಂಗ್ ಮತ್ತು ನೌಕಾಯಾನ ಶಾಲೆ ಸೇರಿದ. ಮೆಕ್ಯಾನಿಕ್ಸ್, ಎಲೆಕ್ಟ್ರಿಸಿಟಿ, ಅಕೌಸ್ಟಿಕ್ಸ್ ಓದಿದ. 1914ರಲ್ಲಿ ಹೆನ್ಲೀಸ್ ಅನ್ನೋ ಟೆಲಿಗ್ರಾಫ್ ಕೇಬಲ್ ಕಂಪನಿಯಲ್ಲಿ ಗುಮಾಸ್ತನಾದ. ಅದೇ ವರ್ಷ ಡಿಸೆಂಬರಿನಲ್ಲಿ ಅಪ್ಪ ತೀರಿಕೊಂಡ. ಕೆಲಸ ಏನಪ್ಪಾ ಅಂದ್ರೆ ಎಸ್ಟಿಮೇಟ್: ಯಾವ ಕೇಬಲ್ಲು, ಯಾವ ದಪ್ಪ, ಎಷ್ಟು ಖರ್ಚು. ಬೋರು ಹೊಡೆಯುವ ಕೆಲಸವೇ. ಸಂಜೆ ಚಿತ್ರಕಲೆ ತರಗತಿಗೆ ಹೋಗ್ತಿದ್ದ. ಅದು ಆಫೀಸಿನವರ ಕಣ್ಣಿಗೆ ಬಿದ್ದು ಜಾಹೀರಾತು ವಿಭಾಗಕ್ಕೆ ಹಾಕಿದರು.

1919ರಲ್ಲಿ ಆ ಕಂಪನಿಯ ಉದ್ಯೋಗಿಗಳಿಗೇ ಅಂತ ಒಂದು ಪತ್ರಿಕೆ ಶುರುವಾಯ್ತು, ಹೆಸರು ‘ಹೆನ್ಲಿ ಟೆಲಿಗ್ರಾಫ್’. ಹಿಚ್‌ಕಾಕ್‌ನ ಮೊದಲ ಕಥೆ ಬಂದದ್ದು ಅದರಲ್ಲೇ. ಪ್ಯಾರಿಸ್ಸಿನಲ್ಲಿ ಒಬ್ಬ ಹೆಂಗಸನ್ನ ಗೂಂಡಾಗಳು ಅಟ್ಟಿಸಿಕೊಂಡು ಬರ್ತಾರೆ, ಇನ್ನೇನು ಅವಳ ಕಥೆ ಮುಗೀತು ಅನ್ನುವಾಗ ಗೊತ್ತಾಗುತ್ತೆ, ಅವಳು ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಗ್ಯಾಸ್ ಕುಡಿದು ಮಲಗಿದ್ದಾಳೆ. ಸುಮಾರಾದ ಕಥೆ. ನಮ್ಮ ಕ್ಲಬ್ಬಿಗೆ ಬಂದಿದ್ದರೆ ಸಂಪಾದಕರು ಕೊನೆಯ ಸಾಲು ಬದಲಾಯಿಸು ಅಂದಿರೋರೇನೋ! ಆದರೆ ಓದುಗನನ್ನ ಮೊದಲು ಹೆದರಿಸಿ ಆಮೇಲೆ ಕಾಲೆಳೆಯೋ ಚಾಳಿ ಅಲ್ಲೇ ಇದೆ.

ಅಷ್ಟರಲ್ಲಿ ಅಮೆರಿಕದ ಒಂದು ಕಂಪನಿ ಲಂಡನ್ನಿನ ಇಸ್ಲಿಂಗ್ಟನ್‌ನಲ್ಲಿ ಸ್ಟುಡಿಯೋ ತೆರೆಯೋ ಸುದ್ದಿ ಬಂತು. ಮೂಕಿ ಚಿತ್ರಗಳ ಕಾಲ, ಮಾತುಗಳನ್ನ ಬರೆದು ತೋರಿಸಬೇಕಿತ್ತು. ಹಿಚ್‌ಕಾಕ್ ಅಂಥ ಟೈಟಲ್ ಕಾರ್ಡುಗಳನ್ನ ಬಿಡಿಸಿಕೊಂಡು ಹೋಗಿ ತೋರಿಸಿ ಕೆಲಸ ಗಿಟ್ಟಿಸಿದ. ಮೊದಮೊದಲು ಕೇಬಲ್ ಕಂಪನಿಯನ್ನೂ ಬಿಡಲಿಲ್ಲ. ಸಿನಿಮಾರಂಗದಲ್ಲೇ ಅವನಿಗೆ ಆಲ್ಮಾ ರೆವಿಲ್ ಪರಿಚಯ. ಅವನಿಗಿಂತ ಒಂದೇ ದಿನ ಚಿಕ್ಕವಳು, ಆದರೆ ಎಡಿಟಿಂಗಿನಲ್ಲಿ ಅವನಿಗಿಂತ ಸೀನಿಯರ್. 1926ರಲ್ಲಿ ಮದುವೆ. ಅವನ ಚಿತ್ರಗಳಿಗೆಲ್ಲ ಕೊನೆಯ ಕ್ವಾಲಿಟಿ ಚೆಕ್ ಆಕೆಯದೇ.

1927ರ ‘ದಿ ಲಾಡ್ಜರ್’ ಸರಣಿ ಕೊಲೆಗಾರನ ಗುಮಾನಿಯ ಕಥೆ. ಮೇಲಿನ ಮಹಡಿಯ ಬಾಡಿಗೆದಾರ ಅತ್ತಿಂದಿತ್ತ ಓಡಾಡೋ ಸದ್ದು ಕೆಳಗಿನವರಿಗೆ ಕೇಳಿಸಬೇಕು, ಆದರೆ ಚಿತ್ರವೇ ಮೂಕಿ! ಹಿಚ್‌ಕಾಕ್ ದಪ್ಪ ಗಾಜಿನ ನೆಲ ಮಾಡಿಸಿ, ನಟನನ್ನ ಅದರ ಮೇಲೆ ನಡೆಸಿ, ಕೆಳಗಿಂದ ಚಿತ್ರೀಕರಿಸಿದ. 1929ರ ‘ಬ್ಲ್ಯಾಕ್‌ಮೇಲ್’ನಲ್ಲಿ ಮಾತು ಬಂತು. ಚಾಕುವಿನಿಂದ ಒಬ್ಬನನ್ನ ಕೊಂದು ಬಂದ ಹುಡುಗಿ ಬೆಳಗಿನ ತಿಂಡಿಗೆ ಕೂತಿರುತ್ತಾಳೆ, ಪಕ್ಕದಲ್ಲಿ ಒಬ್ಬಳು ಆ ಕೊಲೆಯ ಬಗ್ಗೆಯೇ ಹರಟುತ್ತಿರುತ್ತಾಳೆ. ಬರಬರುತ್ತಾ ಆ ಹರಟೆ ಮಸುಕಾಗಿ ಚಾಕು ಅನ್ನೋ ಒಂದೇ ಪದ ಎದ್ದು ಕೇಳಿಸುತ್ತೆ. ಅಕೌಸ್ಟಿಕ್ಸ್ ಓದಿದ್ದು ದಂಡವಾಗಲಿಲ್ಲ.

1939ರಲ್ಲಿ ಅಮೆರಿಕಕ್ಕೆ ಹೋದ. ‘ರೆಬೆಕಾ’, ‘ರಿಯರ್ ವಿಂಡೋ’, ‘ವರ್ಟಿಗೋ’ ಎಲ್ಲ ನೀವು ನೋಡಿರ್ತೀರಿ, ಇಲ್ಲದಿದ್ದರೆ ನೋಡಿ. ನಾವು ನೇರ 1959ಕ್ಕೆ ಬರೋಣ.

ಆ ವರ್ಷ ‘ನಾರ್ತ್ ಬೈ ನಾರ್ತ್‌ವೆಸ್ಟ್’ ಬಂದಿತ್ತು, ಬಜೆಟ್ 40 ಲಕ್ಷ ಡಾಲರಿನ ಮೇಲೆ. ಅದರ ಬೆನ್ನಿಗೇ ಹಿಚ್‌ಕಾಕ್ ಆರಿಸಿಕೊಂಡದ್ದು ರಾಬರ್ಟ್ ಬ್ಲಾಕ್ ಬರೆದ ಒಂದು ಕೊಲೆ ಕಾದಂಬರಿ, ‘ಸೈಕೋ’. ಪ್ಯಾರಮೌಂಟಿನವರು ಮೂಗು ಮುರಿದರು. ಆಗ ಹಳೇ ಎಸ್ಟಿಮೇಟ್ ಗುಮಾಸ್ತ ಎದ್ದು ಕೂತ ಅನ್ನಿ. ತನ್ನದೇ ಕಂಪನಿಯಿಂದ ಬಂಡವಾಳ, ತನ್ನ ಟೀವಿ ಸರಣಿಯ ತಂತ್ರಜ್ಞರೇ ಹೆಚ್ಚಿನ ಕೆಲಸಕ್ಕೆ, ಕಪ್ಪು ಬಿಳುಪು, ಒಟ್ಟು ಖರ್ಚು ಸುಮಾರು 8 ಲಕ್ಷ ಡಾಲರು. ಎರಡೂವರೆ ಲಕ್ಷದ ತನ್ನ ಸಂಭಾವನೆ ಬಿಟ್ಟು ಚಿತ್ರದಲ್ಲಿ ಶೇಕಡಾ 60 ಪಾಲು ಕೇಳಿದ. ಮುಳುಗುತ್ತೆ ಅಂದುಕೊಂಡಿದ್ದವರು ಸಂತೋಷವಾಗೇ ಒಪ್ಪಿರಬೇಕು.

‘ಸೈಕೋ’ ಅಂದ್ರೆ ಎಲ್ಲರಿಗೂ ನೆನಪಾಗೋದು ಬಾತ್‌ರೂಮು. ಆದರೆ ಕಥೆಗೆ ಚಾಲನೆ ಸಿಗೋದು ಆಫೀಸಿನಲ್ಲಿ. ಫೀನಿಕ್ಸ್ ಊರಿನ ಒಂದು ರಿಯಲ್ ಎಸ್ಟೇಟ್ ಕಚೇರಿ, ಶುಕ್ರವಾರ ಮಧ್ಯಾಹ್ನ, ಸೆಕೆ. ಮೇರಿಯನ್ ಅಲ್ಲಿ ಹತ್ತು ವರ್ಷದಿಂದ ದುಡಿಯುತ್ತಿರೋ ನೌಕರಳು. ಪ್ರೀತಿಸಿದವನನ್ನ ಮದುವೆಯಾಗೋಕೆ ದುಡ್ಡಿಲ್ಲ. ಕುಡಿದು ಬಂದ ಶ್ರೀಮಂತ ಗಿರಾಕಿ ಅವಳ ಮೇಜಿನ ಮೇಲೇ ಕೂತು, 40 ಸಾವಿರ ಡಾಲರ್ ನಗದನ್ನ ಅವಳ ಮೂಗಿನ ಮುಂದೆ ಆಡಿಸುತ್ತಾನೆ. ಬ್ಯಾಂಕಿಗೆ ಕಟ್ಟು ಅಂತ ಬಾಸ್ ಕಳಿಸಿದರೆ ಅವಳು ದುಡ್ಡು ತಗೊಂಡು ಊರು ಬಿಡುತ್ತಾಳೆ. ಸಿಗ್ನಲ್ಲಿನಲ್ಲಿ ಕಾರು ನಿಲ್ಲುತ್ತೆ, ಎದುರಿಗೆ ರಸ್ತೆ ದಾಟುತ್ತಾ ಅದೇ ಬಾಸ್! ನನ್ನ ಕೇಳಿದರೆ ಇಡೀ ಚಿತ್ರದಲ್ಲಿ ಹೊಟ್ಟೆಯೊಳಗೆ ಐಸ್ ಇಟ್ಟ ಹಾಗಾಗೋದು ಇಲ್ಲೇ. ಮೆಡಿಕಲ್ ಲೀವ್ ಹಾಕಿ ಊರು ಸುತ್ತೋಕೆ ಹೋದ ಯಾರಿಗಾದರೂ ಇದು ಅರ್ಥ ಆಗುತ್ತೆ.

ಮುಕ್ಕಾಲು ಗಂಟೆಯ ಹೊತ್ತಿಗೆ ಆ ನಾಯಕಿಯೇ ಕೊಲೆಯಾಗುತ್ತಾಳೆ. ಮುಕ್ಕಾಲು ನಿಮಿಷದ ಕೊಲೆಗೆ ಏಳು ದಿನದ ಶೂಟಿಂಗ್, ಎಪ್ಪತ್ತಕ್ಕೂ ಹೆಚ್ಚು ಕ್ಯಾಮೆರಾ ಸೆಟಪ್. ರಕ್ತ ಅಂದ್ರೆ ಚಾಕೊಲೇಟ್ ಸಿರಪ್, ಚಾಕು ಇಳಿಯೋ ಸದ್ದಿಗೆ ಕರಬೂಜದಂಥ ಹಣ್ಣು. ಆ ದೃಶ್ಯಕ್ಕೆ ಸಂಗೀತವೇ ಬೇಡ ಅಂತಿದ್ದ ಹಿಚ್‌ಕಾಕ್. ಬರ್ನಾರ್ಡ್ ಹರ್ಮನ್ ಬರೀ ತಂತಿವಾದ್ಯಗಳನ್ನ ಕಿರುಚಿಸಿ ಕೇಳಿಸಿದ ಮೇಲೆ ಒಪ್ಪಿದ. ಸತ್ತು ಬಿದ್ದ ನಾಯಕಿ ಒಂದು ಕಡೆ ಸ್ವಲ್ಪ ಅಲುಗಿದ್ದನ್ನ ಹಿಡಿದವಳು ಆಲ್ಮಾ, ಬೇರೆ ಯಾರೂ ಗಮನಿಸಿರಲಿಲ್ಲ. 1960ರಲ್ಲಿ ಬಿಡುಗಡೆ. ಶುರುವಾದ ಮೇಲೆ ಯಾರನ್ನೂ ಥಿಯೇಟರ್ ಒಳಗೆ ಬಿಡಬಾರದು ಅಂತ ಷರತ್ತು ಹಾಕಿದ, ಜನ ಕ್ಯೂ ನಿಂತರು. ಅವನ ಚಿತ್ರಗಳಲ್ಲೆಲ್ಲ ಹೆಚ್ಚು ಲಾಭ ತಂದದ್ದು ಈ ಅಗ್ಗದ ಚಿತ್ರ.

1978ರಲ್ಲಿ ಜಾನ್ ಕಾರ್ಪೆಂಟರ್ ಸುಮಾರು 3 ಲಕ್ಷ ಡಾಲರಿನಲ್ಲಿ ‘ಹ್ಯಾಲೋವೀನ್’ ಮಾಡಿದ. ಕೊಲೆಗಾರನ ಮುಖವಾಡ ಅಂಗಡಿಯಲ್ಲಿ ಎರಡು ಡಾಲರಿಗೂ ಕಡಿಮೆಗೆ ಕೊಂಡು ಬಿಳಿ ಬಣ್ಣ ಬಳಿದದ್ದು. ನಾಯಕಿ ‘ಸೈಕೋ’ದ ಮೇರಿಯನ್ ಪಾತ್ರ ಮಾಡಿದ್ದ ಜಾನೆಟ್ ಲೀಯವರ ಮಗಳು. ಸ್ಲ್ಯಾಶರ್ ಕಾರ್ಖಾನೆ ಅಲ್ಲಿಂದ ಶುರು. ನಮ್ಮಲ್ಲಿ ನೇರ ಸ್ಲ್ಯಾಶರ್ ಕಡಿಮೆ. ಆದರೆ ಹಾಡಿಲ್ಲದೆ ಸಸ್ಪೆನ್ಸನ್ನೇ ನಂಬಿದ ಸುನೀಲ್ ಕುಮಾರ್ ದೇಸಾಯಿಯವರ ‘ತರ್ಕ’, ಮಣಿಪಾಲದ ಒಂದು ಕಟ್ಟಡದೊಳಗೆ ಜನರನ್ನ ಒತ್ತೆ ಇಡೋ ‘ನಿಷ್ಕರ್ಷ’, ಸಿನಿಮಾ ಶೂಟಿಂಗ್ ಜಾಗದಲ್ಲೇ ಭಯ ಹುಟ್ಟಿಸೋ ಉಪೇಂದ್ರರ ‘ಶ್!’ ಇವೆಲ್ಲ ಆ ಬೀದಿಯ ಅಕ್ಕಪಕ್ಕದ ಮನೆಗಳೇ.

ಇಲ್ಲಿಗೆ ನಿಲ್ಲಿಸಿದರೆ ಚೆನ್ನಾಗಿರುತ್ತಿತ್ತು. ಆದರೆ ‘ಸೈಕೋ’ ನಂತರದ ಚಿತ್ರ ‘ದಿ ಬರ್ಡ್ಸ್’ (1963) ಇದೆಯಲ್ಲ. ನಾಯಕಿ ಟಿಪ್ಪಿ ಹೆಡ್ರೆನ್ ಮಾಡೆಲ್ ಆಗಿದ್ದವರು, ಜಾಹೀರಾತಿನಲ್ಲಿ ನೋಡಿ ಹಿಚ್‌ಕಾಕ್ ದೀರ್ಘ ಕಾಂಟ್ರಾಕ್ಟಿಗೆ ಸಹಿ ಹಾಕಿಸಿಕೊಂಡಿದ್ದ. ಹಕ್ಕಿಗಳು ಮೈಮೇಲೆ ಎರಗುವ ದೃಶ್ಯಕ್ಕೆ ಯಂತ್ರದ ಹಕ್ಕಿ ಬಳಸ್ತೀವಿ ಅಂತ ಹೇಳಿದ್ದರು. ಅವತ್ತು ನೋಡಿದರೆ ದಪ್ಪ ಗ್ಲೌಸ್ ಹಾಕಿಕೊಂಡ ಆಳುಗಳು ಜೀವಂತ ಹಕ್ಕಿಗಳನ್ನೇ ಆಕೆಯ ಮೇಲೆ ಎಸೆದರು, ಅದೂ ಐದು ದಿನ. ಕಣ್ಣಿನ ಹತ್ತಿರ ಗಾಯವಾಗಿ, ಆಕೆ ಕುಸಿದು, ಡಾಕ್ಟರು ವಿಶ್ರಾಂತಿ ಬೇಕೇ ಬೇಕು ಅಂದ ಮೇಲೆ ನಿಂತಿತು.

ಅದಕ್ಕಿಂತ ಕೆಟ್ಟದ್ದನ್ನ ಹೆಡ್ರೆನ್ 2016ರ ತಮ್ಮ ಆತ್ಮಕಥೆಯಲ್ಲಿ ಬರೆದಿದ್ದಾರೆ: ಹಿಚ್‌ಕಾಕ್ ಲೈಂಗಿಕ ಕಿರುಕುಳ ಕೊಟ್ಟ, ಒಪ್ಪದಿದ್ದಾಗ ನಿನ್ನ ವೃತ್ತಿಜೀವನ ಹಾಳು ಮಾಡ್ತೀನಿ ಅಂತ ಬೆದರಿಸಿದ, ಕಾಂಟ್ರಾಕ್ಟಿನಲ್ಲಿ ಕಟ್ಟಿಹಾಕಿ ಬೇರೆಯವರ ಚಿತ್ರಗಳಿಗೆ ಬಿಡಲಿಲ್ಲ. ಅವನ ಜೊತೆ ದುಡಿದ ಕಿಮ್ ನೊವಾಕ್‌ರಂಥವರು ತಮಗೆ ಹಾಗಾಗಲಿಲ್ಲ ಅಂದಿದ್ದಾರೆ. ಒಬ್ಬರಿಗೆ ಆಗಲಿಲ್ಲ ಅಂದ ಮಾತ್ರಕ್ಕೆ ಇನ್ನೊಬ್ಬರಿಗೆ ಆಗಿಲ್ಲ ಅಂತಲ್ಲ. ನಾನಂತೂ ಹೆಡ್ರೆನ್ ಮಾತನ್ನ ನಂಬ್ತೀನಿ. ಆ ಸೆಟ್ ಕೂಡ ಒಂದು ಆಫೀಸೇ ತಾನೆ? ದೂರು ಕೊಡೋಕೆ ಅಲ್ಲಿ ಒಂದು ಬಾಗಿಲೂ ಇರಲಿಲ್ಲ, ಯಾಕಂದ್ರೆ ಎಲ್ಲ ಬಾಗಿಲೂ ಬಾಸ್ ಕೋಣೆಗೇ ಹೋಗ್ತಿದ್ದವು. ನಮ್ಮ ದೇಶದಲ್ಲಿ ಹತ್ತು ಅಥವಾ ಹೆಚ್ಚು ನೌಕರರಿರೋ ಪ್ರತಿ ಕಚೇರಿಯಲ್ಲೂ ಆಂತರಿಕ ದೂರು ಸಮಿತಿ ಇರಬೇಕು ಅಂತ ಕಾನೂನು ಬಂದದ್ದೇ 2013ರಲ್ಲಿ. ಪ್ಲೇಸ್‌ಮೆಂಟ್ ಆದ ಸೀನಿಯರ್‌ಗಳು ಆಫರ್ ಲೆಟರ್ ಜೊತೆ ಆ ಸಮಿತಿಯಲ್ಲಿ ಯಾರ್ಯಾರು ಇದ್ದಾರೆ ಅನ್ನೋದನ್ನೂ ಒಮ್ಮೆ ನೋಡಿಕೊಳ್ಳಲಿ.

ಹಿಚ್‌ಕಾಕ್‌ಗೆ ನಿರ್ದೇಶನದ ಆಸ್ಕರ್ ಐದು ಸಲ ನಾಮನಿರ್ದೇಶನ ಆಯ್ತು, ಒಂದೂ ಸಿಗಲಿಲ್ಲ. ಕೊನೆಯ ಚಿತ್ರ 1976ರದು. ಅದಾದ ಮೇಲೂ ‘ದಿ ಶಾರ್ಟ್ ನೈಟ್’ ಅಂತ ಒಂದು ಚಿತ್ರಕಥೆ ಇಟ್ಟುಕೊಂಡು ದಿನಾ ಯೂನಿವರ್ಸಲ್ ಸ್ಟುಡಿಯೋದ ತನ್ನ ಆಫೀಸಿಗೆ ಬರ್ತಿದ್ದ. ಮೈ ಕೈ ಕೊಟ್ಟಿತ್ತು, ಆಲ್ಮಾಗೂ ಹುಷಾರಿರಲಿಲ್ಲ. 1979ರಲ್ಲಿ ಆಫೀಸು ಮುಚ್ಚಿಸಿದ. ಮುಂದಿನ ವರ್ಷ ಬ್ರಿಟನ್ನಿನಿಂದ ಸರ್ ಪದವಿ ಬಂತು. ಕೆಲವೇ ತಿಂಗಳಿಗೆ, ಏಪ್ರಿಲ್ 29ರಂದು ಲಾಸ್ ಏಂಜಲೀಸಿನ ಮನೆಯಲ್ಲಿ ತೀರಿಕೊಂಡ. ಬೂದಿಯನ್ನ ಪೆಸಿಫಿಕ್ ಸಮುದ್ರಕ್ಕೆ ಬಿಟ್ಟರು.